ಅಪ್ಪನ ಅಂಗಿಯ ಪರಕರ

ಆಕೆಯ ಕೆಳತುಟಿಯ ಮೇಲೆ ಯಾವಾಗಲೂ ಒಂದು ದಾರದ ತುಣುಕು ಅಂಟಿಕೊಂಡಿರುತ್ತಿತ್ತು. ಹೊಲಿಗೆ ಮುಗಿದಾಗ ಕತ್ತರಿ ಹುಡುಕುವ ಗೋಜಿಗೆ ಹೋಗದೆ ದಾರವನ್ನು ಹಲ್ಲಿನಿಂದಲೇ ಕಡಿಯುತ್ತಿದ್ದಳು. ಕಡಿದ ಚೂರು ತುಟಿಯ ಮೇಲೇ ಉಳಿದುಬಿಡುತ್ತಿತ್ತು. ಕೆಂಪು ದಾರವಿದ್ದರೆ ಇವತ್ತು ಯಾರದೋ ಕುಪ್ಪಸ, ಬಿಳಿ ಇದ್ದರೆ ಯಾವುದೋ ಹಳೆಯ ಧೋತರ ಎಂದು ಓಣಿಯ ಹುಡುಗಿಯರಾದ ನಾವು ಆಕೆಯ ಮುಖ ನೋಡಿಯೇ ಹೇಳುತ್ತಿದ್ದೆವು. "ಆಯಿ, ತುಟಿ ಒರಸ್ಕೋ" ಅಂದರೆ ಸಾಕು, ಹುಳ ಕೂತಿದೆಯೆಂದು ಕಿಟಾರನೆ ಕಿರುಚಿ ಸೆರಗಿನಿಂದ ಮುಖವನ್ನೆಲ್ಲ ತಿಕ್ಕಿಕೊಳ್ಳುತ್ತಿದ್ದಳು.

ಆಯಿ ಎಂದು ಕರೆಯುತ್ತಿದ್ದರೂ ಆಕೆ ನನ್ನ ಸ್ವಂತ ಅಜ್ಜಿಯೇನಲ್ಲ. ಯಲಬುರ್ಗಿಯಲ್ಲಿ ನಮ್ಮ ಮನೆಗೂ ಆಕೆಯ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಸಿಂಪಿಗರ ಮನೆತನ. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಗಂಡನ ಕಾಲದ ಹೊಲಿಗೆ ಮಷೀನು ಮೂಲೆಯಲ್ಲಿ ಗೋಣಿತಟ್ಟು ಹೊದ್ದು ಕೂತಿತ್ತು. ಆಕೆ ಅದನ್ನು ಮುಟ್ಟುತ್ತಿರಲಿಲ್ಲ. "ಅದರ ಬಾಯಾಗ ಕೈಬಟ್ಟು ಸಿಕ್ರ ಬಿಡೂದಿಲ್ಲವಾ ಅದು" ಎನ್ನುತ್ತಿದ್ದಳು. ಹಾಗಾಗಿ ಎಲ್ಲವೂ ಕೈಹೊಲಿಗೆಯೇ.

ಮಷೀನಿಗೆ ಮಾತ್ರ ಅಂಜುತ್ತಿದ್ದಳೆಂದಲ್ಲ. ಗುಡುಗಿಗೆ ಅಂಜುತ್ತಿದ್ದಳು, ಹಲ್ಲಿಯ ಲೊಚಗುಟ್ಟುವಿಕೆಗೆ ಅಂಜುತ್ತಿದ್ದಳು, ಫೋಟೋ ತೆಗೆಯುವವನಿಗೆ ಅಂಜುತ್ತಿದ್ದಳು. ಒಮ್ಮೆ ಕೊಪ್ಪಳದಲ್ಲಿ ರೈಲು ಬಂದು ನಿಂತಾಗ ಸ್ಟೇಷನ್ನಿನ ಕಂಬವನ್ನು ಅಪ್ಪಿಕೊಂಡು ನಿಂತವಳು, ರೈಲು ಹೋದಮೇಲೂ ಬಿಟ್ಟಿರಲಿಲ್ಲವಂತೆ. ಟಪಾಲಿನವನು ಓಣಿಗೆ ಬಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕಾಗದ ಬಂದರೆ ಯಾರೋ ಸತ್ತರೆಂದೇ ಲೆಕ್ಕ. ಆಕೆಗೆ ಕಾಗದ ಬರೆಯುವವರು ಯಾರೂ ಇರಲಿಲ್ಲ, ಅದು ಬೇರೆ ಮಾತು. ಓಣಿಯವರು ಬೆನ್ನ ಹಿಂದೆ ಅಂಜುಬುರುಕಿ ಆಯಿ ಅನ್ನುತ್ತಿದ್ದರು, ಕೆಲವರು ಎದುರಿಗೇ ಅನ್ನುತ್ತಿದ್ದರು. ಆಕೆ ಸಿಟ್ಟಾಗುತ್ತಿರಲಿಲ್ಲ. "ಹೌದ್ರೆವಾ, ನಾ ಅಂಜೂದು ಖರೇನ ಐತಿ. ಏನ ಮಾಡ್ಲಿ, ಎದೀನ ಹಂಗ ಐತಿ" ಅನ್ನುವಳು.

ಒಂದು ವಿಷಯದಲ್ಲಿ ಮಾತ್ರ ಧೈರ್ಯ. ಅದು ಹಳೆಯ ಬಟ್ಟೆ. ದೊಡ್ಡ ಯುದ್ಧ ಮುಗಿದಿದ್ದರೂ ನಮ್ಮಲ್ಲಿ ಅರಿವೆಯ ಬರ ಮುಗಿದಿರಲಿಲ್ಲ. ಎಂಥ ಹರಕು ಬಟ್ಟೆ ಕೊಟ್ಟರೂ ಆಯಿ ಅದರಿಂದ ಏನಾದರೊಂದು ಮಾಡಿಕೊಡುತ್ತಿದ್ದಳು. ಮಾಸಿದ ಬಟ್ಟೆಯ ಒಳಮೈ ಹೊರಗೆ ಬರುವಂತೆ ಮಗುಚಿ ಹೊಲಿಯುವುದು ಆಕೆಯ ಪದ್ಧತಿ. ಬಿಸಿಲು ಕಾಣದ ಮೈ ಹೊರಗೆ ಬಂದರೆ ಹಳತೂ ಹೊಸದರಂತೆ ಕಾಣುತ್ತದೆ. ಮಕ್ಕಳ ಬಟ್ಟೆಯಾದರೆ ಅಂಚಿನಲ್ಲೊಂದು ಕರಿದಾರದ ದೃಷ್ಟಿಬೊಟ್ಟು ಹೊಲಿಯದೆ ಕೊಡುತ್ತಿರಲಿಲ್ಲ.

ಮತ್ತೊಂದು ಪದ್ಧತಿಯಿತ್ತು. ಕತ್ತರಿ ಹಾಕುವ ಮೊದಲು ಬಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳುವಳು, "ತೊಟ್ಟಾವ್ರು ಅದಾರೇನವಾ?" ಇದ್ದಾರೆ ಅಂದರೆ ಅದರಿಂದ ಮಕ್ಕಳಿಗೆ ಅಂಗಿ, ಲಂಗದಂಥ ಪರಕರ, ಕೂಸಿನ ತಲೆಗೆ ಕುಂಚಿಗೆ. ಇಲ್ಲ ಅಂದರೆ ಕೌದಿಯ ತೇಪೆಗೆ ಮಾತ್ರ. ಸತ್ತವರ ಬಟ್ಟೆಯನ್ನು ಮಕ್ಕಳಿಗೆ ತೊಡಿಸಬಾರದೆಂದು ಆಕೆಯ ಹಟ.

ಆಗ ನಮ್ಮದು ನಿಜಾಮರ ಸೀಮೆ. ನಾಲ್ಕು ಹರದಾರಿ ನಡೆದರೆ ಗಡಿ, ಅದರಾಚೆ ಸ್ವತಂತ್ರವಾದ ದೇಶ. ನಲವತ್ತೆಂಟರ ಬೇಸಿಗೆಯಲ್ಲಿ ಗಡಿಯಾಚೆ ನಿಜಾಮರ ವಿರುದ್ಧ ಹೋರಾಡುವವರ ಶಿಬಿರಗಳಿದ್ದವು. ನಮ್ಮ ಕಡೆಯ ಎಷ್ಟೋ ಗಂಡಸರು ಅಲ್ಲಿಗೆ ದಾಟಿಹೋಗಿದ್ದರು. ಸಾಲೆಯ ಮಾಸ್ತರನಾಗಿದ್ದ ನನ್ನ ಅಪ್ಪನೂ ಹೋದ. ಈ ಕಡೆ ಉಳಿದವರ ಮೇಲೆ ನಿಜಾಮರ ಪರವಾದ ಬಂದೂಕಿನವರು ಬೀಳುತ್ತಿದ್ದರು. ಅವರ ಹೆಸರು ಹಿಡಿದು ಯಾರೂ ಮಾತಾಡುತ್ತಿರಲಿಲ್ಲ. "ಅವ್ರು ಬಂದಾರಂತ" ಅಂದರೆ ಒಲೆಯ ಮೇಲಿನ ರೊಟ್ಟಿ ಹಂಚಿನಲ್ಲೇ ಸೀಯುತ್ತಿತ್ತು.

ನನಗಾಗ ಏಳು ವರ್ಷ. ಯಾರಾದರೂ ಕೇಳಿದರೆ "ಅಪ್ಪ ಕಾರಟಗಿಗೆ ಮಾವನ ಮನಿಗೆ ಹೋಗ್ಯಾನ" ಎನ್ನಬೇಕೆಂದು ಅವ್ವ ದಿನಕ್ಕೆ ಹತ್ತು ಸಲ ಬಾಯಿಪಾಠ ಮಾಡಿಸಿದ್ದಳು. ನನ್ನ ನಾಲಿಗೆಗೋ ಹಿಡಿತವೇ ಇಲ್ಲ. ಒಂದು ದಿನ ಕುಂಟಾಬಿಲ್ಲೆ ಆಡುವಾಗ ಜಂಬದಿಂದ "ನಮ್ಮಪ್ಪ ಶಿಬಿರದಾಗ ಅದಾನ, ನಿಮ್ಮಪ್ಪ ಅದಾನೇನು?" ಎಂದುಬಿಟ್ಟೆ. ಅವ್ವ ಕೇಳಿಸಿಕೊಂಡಳು. ಕೆನ್ನೆಯ ಮೇಲೆ ಬಿದ್ದ ಏಟಿಗಿಂತ, ಹೊಡೆದಮೇಲೆ ಅವಳೇ ನೆಲಕ್ಕೆ ಕುಸಿದು ನಡುಗಿದ್ದು ನನ್ನನ್ನು ಹೆಚ್ಚು ಹೆದರಿಸಿತು. ಅಂದಿನಿಂದ ನನ್ನ ಬಾಯಿಯ ಬಗ್ಗೆ ನನಗೇ ಅಂಜಿಕೆ.

ಅದಾಗಿ ಕೆಲವೇ ದಿನಕ್ಕೆ ಗಡಿಯ ಸುಂಕದ ನಾಕಾದ ಮೇಲೆ ಶಿಬಿರದವರು ದಾಳಿ ಮಾಡಿದರೆಂಬ ಸುದ್ದಿ ಬಂತು. ಮಾರನೆಯ ದಿನ ಮಧ್ಯಾಹ್ನ ಹತ್ತಿ ಹಿಂಜುವ ಪಿಂಜಾರ ಮಾಮು ನಮ್ಮ ಬಾಗಿಲಿಗೆ ಬಂದ. ಗಾದಿಗೆ ಹತ್ತಿ ಬೇಕೇನೆಂದು ಓಣಿಗೆಲ್ಲ ಕೇಳುವಂತೆ ಕೂಗಿ, ಆಮೇಲೆ ದನಿ ತಗ್ಗಿಸಿದ.

"ಬಾಯಾರ, ನಾಕಾದಾಗ ಅವ್ರು ಒಬ್ಬಾಂವನ ಕೊಳ್ಳಾಗ ಕೈ ಹಾಕಿ ಜಗ್ಗ್ಯಾರಂತ. ಆಂವ ತಪ್ಪಿಸ್ಕೊಂಡ, ಅಂಗಿ ಕಾಲರ್ ಹರದು ಅವ್ರ ಕೈಯಾಗ ಉಳದೈತಿ. ಅದರಾಗ ಮಡಿವಾಳರ ಗುರ್ತು ಐತಂತ. ಅಡ್ಡಗೀಟು, ಅದರ ಬುಡಕ ಎರಡು ಚುಕ್ಕಿ. ಕೆಳಗಿನ ಓಣ್ಯಾಗ ಮನಿಮನಿ ಹೊಕ್ಕು ಅರಿವಿ ತಗದು ನೋಡಾಕತ್ಯಾರ್ರಿ. ನಾಳೆ ಮುಂಜಾನೆ ಈ ಓಣಿ."

ಅಡ್ಡಗೀಟು, ಎರಡು ಚುಕ್ಕಿ ನಮ್ಮ ಮನೆಯ ಗುರುತು. ಊರಲ್ಲಿ ಬಿಳಿ ಅಂಗಿ ತೊಡುವವರು ನಾಲ್ಕಾರು ಜನ. ಅವು ಅದಲುಬದಲಾಗದಂತೆ ಮಡಿವಾಳ ಒಬ್ಬೊಬ್ಬರದಕ್ಕೆ ಒಂದೊಂದು ಗುರುತು ಹಾಕುತ್ತಿದ್ದ. ಕರಿಗೇರಿನ ರಸ ಅದು, ಬಟ್ಟೆ ಹರಿದರೂ ಗುರುತು ಅಳಿಯುವುದಿಲ್ಲ. ಯಾರ ಮನೆಯದೆಂದು ಬಲ್ಲವನು ಆ ಮಡಿವಾಳನೊಬ್ಬನೇ. ಅವನು ಸುದ್ದಿ ತಿಳಿದ ಕೂಡಲೇ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗಜೇಂದ್ರಗಡದ ಕಡೆಗೆ ದಾಟಿಬಿಟ್ಟಿದ್ದ. ಗುರುತು ಹೊಂದುವ ಬಟ್ಟೆ ಯಾರ ಮನೆಯಲ್ಲಿ ಸಿಕ್ಕರೂ ಆ ಮನೆಗೆ ಬೆಂಕಿ. ಒಳಗಿದ್ದವರ ಗತಿ ಹೇಳುವುದೇ ಬೇಡ. ಬೇರೆ ಅಂಗಿಗಳನ್ನೆಲ್ಲ ಅಪ್ಪ ಒಯ್ದಿದ್ದ. ಒಂದು ಹಳೆಯದು ಮಾತ್ರ ಗೂಟಕ್ಕೆ ತೂಗಾಡುತ್ತಿತ್ತು.

ಮಾಮು ಹೋದಮೇಲೆ ಅವ್ವ ಅಂಗಿಯನ್ನು ಎದೆಗೆ ಅವಚಿಕೊಂಡು ಹಿತ್ತಲ ಸಂದಿಯಿಂದ ಆಯಿಯ ಮನೆಗೆ ಓಡಿದಳು. ನಾನು ಹಿಂದೆಯೇ ಹೋದೆ. ಗುರುತಿನ ಮಾತು ಕೇಳುತ್ತಲೇ ಆಯಿ ಬಾಗಿಲು ಹಾಕಿ ಅಗಳಿ ಜಡಿದು, ಅದಕ್ಕೆ ಬೆನ್ನು ಕೊಟ್ಟು ಕೂತಳು.

"ಒಲ್ಯಾಗ ಹಾಕಿಬಿಡವಾ ತಂಗಿ" ಎಂದಳು.

"ಬದುಕಿದಾಂವನ ಅಂಗಿ ಸುಡಬಾರದ್ರಿ ಆಯಿ. ಒಲಿ ಮುಂದ ಹೋಗಿ ನಿಂತಿದ್ದೆ, ಕೈ ಬರ್ಲಿಲ್ಲ."

"ಕಾಳಿನ ಹಗೇವಿನ್ಯಾಗ ಒಗಿ."

"ಕೆಳಗಿನ ಓಣ್ಯಾಗ ಹಗೇವು ಅಗದು ನೋಡ್ಯಾರಂತ್ರಿ."

"ಗುರ್ತಷ್ಟ ಕತ್ತರಿಸು."

"ಕಾಲರ್ ಕತ್ತರಿಸಿದ ಅಂಗಿ ಸಿಕ್ಕಿದ್ದಕ್ಕ ಅಲ್ಲೊಬ್ಬ ಮುದುಕನ್ನ ಹಾಸಿಗಿ ಹಿಡಿಯೂಹಂಗ ಹೊಡದಾರಂತ."

ಆಯಿ ಕೈ ಚಾಚಿ ಅಂಗಿಯನ್ನು ಇಸಿದುಕೊಂಡು ಮಡಿಲಲ್ಲಿ ಹರವಿದಳು. ರೂಢಿಯ ಬಲವೋ ಏನೋ, ಕೇಳಬಾರದ ಹೊತ್ತಿನಲ್ಲಿ ಅದನ್ನೇ ಕೇಳಿದಳು, "ತೊಟ್ಟಾವ್ರು ಅದಾರೇನವಾ?"

ನಾಕಾದಲ್ಲಿ ತಪ್ಪಿಸಿಕೊಂಡವನಿಗೆ ಆಮೇಲೆ ಗುಂಡು ತಾಗಿತೋ ಇಲ್ಲವೋ ನಮಗಾರಿಗೂ ಗೊತ್ತಿರಲಿಲ್ಲ. ಅವ್ವ ಗೋಡೆಯ ಕಡೆ ತಿರುಗಿದಳು. ಗೋಡೆಗೇ ಹೇಳುವಂತೆ "ಅದಾರ್ರಿ" ಅಂದಳು. "ಅದಾರ. ಮತ್ತೊಮ್ಮೆ ಕೇಳಬ್ಯಾಡ್ರಿ."

"ಅದಾರಂದ್ರ ಕೂಸಿಗೆ ಪರಕರ ಹೊಲೀತೀನಿ ಬಿಡು" ಎಂದು ಆಯಿ ಕತ್ತರಿ ಎಳೆದುಕೊಂಡಳು.

ಆ ಮಧ್ಯಾಹ್ನವೆಲ್ಲ ಕಿಟಕಿಯನ್ನೂ ಹಾಕಿಕೊಂಡು, ಬೆಳಕಿಂಡಿಯ ಬೆಳಕಲ್ಲಿ ಆಕೆ ಹೊಲಿದಳು. ನನ್ನನ್ನು ನಿಲ್ಲಿಸಿ ಗೇಣು ಹಾಕಿ ಸೊಂಟ ಅಳೆದಳು. ಕಾಲರು ಬಿಚ್ಚಿದಳು, ಅದನ್ನು ಮತ್ತೆ ಮಡಚಿ, ತಾನು ಹೊಲಿಯುತ್ತಿದ್ದ ಒಂದು ಕೌದಿಯ ಪದರಗಳ ನಡುವೆ ಸೇರಿಸಿ ಮೇಲೆ ತೇಪೆ ಹಾಕಿದಳು. ಗುಂಡಿಪಟ್ಟಿ ಲಾಡಿ ಏರಿಸುವ ನೇಫೆಯಾಯಿತು. ತೋಳುಗಳನ್ನು ಸೀಳಿ ಬದಿಗೆ ಕೊಟ್ಟಾಗ ಸುತ್ತಳತೆ ಬಂತು. ಹೊರಗೆ ನಾಯಿ ಬೊಗಳಿದರೆ ಸಾಕು, ಕೈ ನಿಲ್ಲುತ್ತಿತ್ತು. ಅಂಗಿಯನ್ನು ಕುಂಡೆಯ ಕೆಳಗೆ ತುರುಕಿಕೊಂಡು ಕಣ್ಣು ಮುಚ್ಚುತ್ತಿದ್ದಳು. ನಾಯಿ ಸುಮ್ಮನಾದ ಮೇಲೆ ಮತ್ತೆ ಸೂಜಿ. ನನಗೆ ಆಗ ನಗು ಬರುತ್ತಿತ್ತು, ಈಗ ಬರುವುದಿಲ್ಲ. ಸಂಜೆಗೆ ಅರಿಷಿಣದ ನೀರಿನಲ್ಲಿ ಅದ್ದಿ, ಒಲೆಯ ಮೇಲಿನ ಹಗ್ಗಕ್ಕೆ ಒಣಹಾಕಿದಳು. ಬಿಳಿ ಅಂಗಿ ಹೋಗಿ ಹಳದಿ ಪರಕರವಾಗಿತ್ತು. ಅಪ್ಪನ ಅಂಗಿಯೆಂದು ಅಪ್ಪನೇ ಬಂದರೂ ಗುರುತು ಹಿಡಿಯುವಂತಿರಲಿಲ್ಲ.

ಬೆಳಿಗ್ಗೆ ಜಳಕ ಮಾಡಿಸಿ ಅವ್ವ ನನಗೆ ಅದನ್ನು ಉಡಿಸಿದಳು. ಅಳತೆ ನೋಡಲು ಆಯಿಯೂ ಬಂದಿದ್ದಳು. ಪಡಸಾಲೆಯ ಬಿಸಿಲಿಗೆ ನಿಲ್ಲಿಸಿ ಒಂದು ಸುತ್ತು ತಿರುಗು ಅಂದರು. ತಿರುಗಿದೆ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

ನನ್ನ ಎಡ ಮೊಣಕಾಲ ಹತ್ತಿರ, ಪರಕರದ ಅಂಚಿಗೆ, ಅಡ್ಡಗೀಟು. ಕೆಳಗೆ ಎರಡು ಚುಕ್ಕಿ.

ಕಾಲರು ಸವೆದಿದೆಯೆಂದು ಮಡಿವಾಳ ಯಾವಾಗಲೋ ಅಂಗಿಯ ಕೆಳತುದಿಯ ಒಳಮೈಗೆ ಇನ್ನೊಮ್ಮೆ ಗುರುತು ಹಾಕಿದ್ದ. ಅವ್ವನಿಗೂ ಅದು ನೆನಪಿರಲಿಲ್ಲ. ಆಯಿ ತನ್ನ ಪದ್ಧತಿಯಂತೆ ಬಟ್ಟೆ ಮಗುಚಿ ಹೊಲಿದಿದ್ದಳು. ಮಬ್ಬಿನಲ್ಲಿ ಕಾಣದೆ, ಒಳಗೆ ಅಡಗಿರಬೇಕಾದದ್ದನ್ನು ತಾನೇ ಹೊರಗೆ ತಂದು ಇಟ್ಟಿದ್ದಳು. ಹಳದಿಯ ಮೇಲೆ ಅದು ಮೊದಲಿಗಿಂತ ಎದ್ದು ಕಾಣುತ್ತಿತ್ತು.

"ಬಿಚ್ಚು, ಬಿಚ್ಚು" ಎಂದು ಅವ್ವ ಲಾಡಿಗೆ ಕೈ ಹಾಕುವಷ್ಟರಲ್ಲಿ ಪಕ್ಕದ ಮನೆಯ ಬಾಗಿಲು ಒದ್ದ ಸಪ್ಪಳ. ಲಾಡಿ ಗಂಟು ಬಿತ್ತು. ಬೂಟುಗಳು ನಮ್ಮ ಅಂಗಳಕ್ಕೇ ಬಂದವು.

ಆಯಿ ನನ್ನನ್ನು ಎಳೆದು ಎದುರಿಗೆ ನಿಲ್ಲಿಸಿಕೊಂಡು ನೆಲಕ್ಕೆ ಕೂತಳು. ಕುಪ್ಪಸಕ್ಕೆ ಚುಚ್ಚಿಕೊಂಡಿದ್ದ ಕರಿದಾರದ ಸೂಜಿ ತೆಗೆದಳು. ಬಾಗಿಲ ಪಕ್ಕ ಬಿದ್ದಿದ್ದ ಜೋಳದ ದಂಟಿನಿಂದ ಒಂದು ಸೀಳು ಮುರಿದು ನನ್ನ ಬಾಯಿಗಿಟ್ಟಳು.

"ಕಚ್ಚು. ಮೈಮ್ಯಾಲ ಅರಿವಿ ಹೊಲಿಯೂಮುಂದ ಬಾಯಾಗ ಕಡ್ಡಿ ಇರಬೇಕು. ಬಿಟ್ಟೀ ಅಂದ್ರ ನಿಮ್ಮ ಅಪ್ಪಗ ಕೇಡು" ಎಂದು ಕಿವಿಯಲ್ಲಿ ಹೇಳಿ, ಆ ಗುರುತಿನ ಮೇಲೆ ಮೊದಲ ಹೊಲಿಗೆ ಹಾಕಿದಳು.

ಉಟ್ಟ ಬಟ್ಟೆಗೆ ಮೈಮೇಲೆಯೇ ಹೊಲಿಗೆ ಹಾಕಬಾರದೆಂದು, ಹಾಕಲೇಬೇಕಾದರೆ ಕಡ್ಡಿ ಕಚ್ಚಿರಬೇಕೆಂದು ನಮ್ಮಲ್ಲಿ ಎಲ್ಲರೂ ನಂಬುತ್ತಿದ್ದರು. ನಾನು ಕಚ್ಚಿದೆ.

ಮೂವರು ಬಂದರು. ಇಬ್ಬರು ಹೊರಗಿನವರು, ಮೂರನೆಯವನು ನಮ್ಮೂರಿನವನೇ, ದಾರಿ ತೋರಿಸಲು ಜೊತೆಗಿದ್ದವನು. ಮುಂದಾಳಿನ ಕೈಯಲ್ಲಿ ಆ ಕಾಲರಿನ ಹರಕು. ಒಬ್ಬ ಒಳಗೆ ಹೋಗಿ ಟ್ರಂಕು ಬೋರಲು ಹಾಕಿದ. ಅವ್ವನ ಸೀರೆಗಳು, ನನ್ನ ಲಂಗೋಟಿ ಕಾಲದ ತುಂಡುಗಳು ಪಡಸಾಲೆಗೆ ಬಂದು ಬಿದ್ದವು. ಮುಂದಾಳು ಅವನ್ನು ಬೂಟಿನಿಂದ ಸರಿಸಿ ನೋಡಿ, ನನ್ನ ಕಡೆ ತಿರುಗಿದ. ಅವ್ವನನ್ನು ಕೇಳಲಿಲ್ಲ. ಮಕ್ಕಳು ಸುಳ್ಳು ಹೇಳುವುದಿಲ್ಲವೆಂದು ಅವನಿಗೆ ಗೊತ್ತಿರಬೇಕು.

"ಏ ಬೇಟಿ, ನಿನ್ನ ಅಪ್ಪ ಎಲ್ಲಿ?"

ನನ್ನ ಬಾಯಿಗೆ ಬಂದದ್ದು ಕಾರಟಗಿಯಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಆ ಹೆದರಿಕೆಯಲ್ಲಿ ಬಾಯಿಪಾಠವೆಲ್ಲ ಮರೆತು, ಶಿಬಿರ ಎಂಬ ಒಂದೇ ಶಬ್ದ ನಾಲಿಗೆಯ ತುದಿಯಲ್ಲಿ ನಿಂತಿತ್ತು. ಕಡ್ಡಿ ಇಲ್ಲದಿದ್ದರೆ ಅದು ಹೊರಗೆ ಬೀಳುತ್ತಿತ್ತು. ನಾನು ಹಲ್ಲು ಇನ್ನಷ್ಟು ಬಿಗಿದೆ.

"ಮುಹ್ ಖೋಲ್!" ಎಂದು ಅವನು ಗದರಿದ.

ಆಯಿ ತಲೆ ಎತ್ತಲಿಲ್ಲ. ಆಕೆಯ ದನಿ ಎಲ್ಲಿಂದಲೋ ಬಂದಂತಿತ್ತು. "ಸೂಜಿ ಮೈಮ್ಯಾಲ ಐತ್ರಿ ಸಾಹೇಬ್ರ. ಹೊಲಿಗಿ ಮುಗಿಯೂತನಕ ಕೂಸು ಬಾಯಿ ಬಿಡಬಾರದ್ರಿ. ಮುಗದ ಮ್ಯಾಲ ಹೇಳತೈತ್ರಿ."

ಮುಂದಾಳು ನಮ್ಮೂರಿನವನ ಮುಖ ನೋಡಿದ. ಅವನು ಉರ್ದುವಿನಲ್ಲಿ ಏನೋ ವಿವರಿಸಿದ. ಸರಿ, ಮುಗಿಯಲಿ ಎಂಬಂತೆ ಮುಂದಾಳು ಬಂದೂಕನ್ನು ನೆಲಕ್ಕೂರಿ ನಿಂತ.

ಆಯಿ ಹೊಲಿದಳು. ಗೀಟು ಮುಚ್ಚಿತು. ಒಂದು ಚುಕ್ಕಿ ಮುಚ್ಚಿತು. ಎರಡನೆಯದೂ ಮುಚ್ಚಿ ಕರಿದಾರದ ಒಂದು ದಪ್ಪ ಬೊಟ್ಟಾಯಿತು. ಆದರೂ ಆಕೆ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ನಾನು ಬಾಯಿ ಬಿಡಬೇಕಲ್ಲ! ಅಂಚಿನುದ್ದಕ್ಕೂ ಸುಮ್ಮನೆ ಹೊಲಿಯುತ್ತ ಹೋದಳು. ಸೂಜಿ ನನ್ನ ಮೊಣಕಾಲಿಗೆ ಎರಡು ಸಲ ಚುಚ್ಚಿತು, ಮೂರನೆಯ ಸಲ ಆಕೆಯ ಬೆರಳಿಗೇ ಚುಚ್ಚಿ ರಕ್ತ ಬಂತು. ಆಕೆಯ ಹಣೆಯ ಬೆವರು ನನ್ನ ಪಾದದ ಮೇಲೆ ತಟತಟನೆ ಬೀಳುತ್ತಿತ್ತು. ಮುಂದಾಳು ಹರಕನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದ. ಎಷ್ಟು ಹೊತ್ತು ಹಾಗಿದ್ದೆವೋ. ನನಗಂತೂ ಒಂದು ದಿನವೇ ಕಳೆದಂತಿತ್ತು.

ಕೊನೆಗೆ ನಮ್ಮೂರಿನವನು ಬಗ್ಗಿ ಪರಕರದ ಅಂಚನ್ನು ಕೈಯಲ್ಲಿ ಹಿಡಿದ. ಆ ಬೊಟ್ಟನ್ನು ಹೆಬ್ಬೆರಳಿನಿಂದ ಸವರಿದ. "ಇದೇನಬೇ ಮುದುಕಿ?"

"ದೃಷ್ಟಿಬೊಟ್ಟು ರೀ" ಎಂದಳು ಆಯಿ.

ಅವನು ಆಕೆಯನ್ನೊಮ್ಮೆ ನೋಡಿದ, ಅವ್ವನನ್ನೊಮ್ಮೆ ನೋಡಿದ. ದಾರದ ಕೆಳಗಿನದು ಅವನಿಗೆ ಕಂಡಿತೋ ಇಲ್ಲವೋ, ಅವನಲ್ಲೂ ಕಡ್ಡಿಯ ಅಂಜಿಕೆ ಇತ್ತೋ ಏನೋ, ನನಗೆ ಇಂದಿಗೂ ಗೊತ್ತಿಲ್ಲ. ಅಂಚನ್ನು ಬಿಟ್ಟು ಎದ್ದು ಮುಂದಾಳಿಗೆ ಏನೋ ಅಂದ. ಮುಂದಾಳು ಬೇಸತ್ತು ಉಗುಳಿದ. ಬೂಟುಗಳು ಮುಂದಿನ ಮನೆಗೆ ಹೋದವು.

ಆ ಸಪ್ಪಳ ಓಣಿಯ ಕೊನೆ ಮುಟ್ಟುವವರೆಗೂ ಯಾರೂ ಅಲುಗಲಿಲ್ಲ. ಆಮೇಲೆ ಆಯಿ ಏಳಲು ಹೋದಳು. ಅವಳ ಜೊತೆಗೆ ನನ್ನ ಪರಕರವೂ ಎದ್ದಿತು. ನಡುಗುವ ಕೈಯಲ್ಲಿ ಹೊಲಿಯುತ್ತ ಹೊಲಿಯುತ್ತ ಆಕೆ ತನ್ನ ಸೆರಗನ್ನೇ ನನ್ನ ಪರಕರಕ್ಕೆ ಸೇರಿಸಿ ಹೊಲಿದುಬಿಟ್ಟಿದ್ದಳು. ಒಂದು ಗೇಣಿನುದ್ದ! ಅವ್ವ ನಕ್ಕಳು. ನಗುತ್ತಲೇ ಅಳುವಿಗೆ ತಿರುಗಿ ಇಬ್ಬರನ್ನೂ ತಬ್ಬಿಕೊಂಡಳು. ನನಗೂ ನಗು ತಡೆಯಲಾಗಲಿಲ್ಲ, ಬಾಯಿ ತೆರೆದೆ, ಕಡ್ಡಿ ಬಿತ್ತು. ಅವ್ವ ಆ ಹೊಲಿಗೆಯನ್ನು ಇನ್ನೂ ಬಿಚ್ಚಿರಲಿಲ್ಲ. ದಾರ ಕಡಿಯದ ಸೂಜಿ ಇನ್ನೂ ಪರಕರದಲ್ಲೇ ತೂಗುತ್ತಿತ್ತು.

ಆಯಿ ಆಮೇಲೆ ಮೊದಲಿನಂತಾಗಲಿಲ್ಲ. ಆ ದಿನವೇ ಜ್ವರ ಹಿಡಿಯಿತು, ಬಿಟ್ಟು ಬಿಟ್ಟು ಬರತೊಡಗಿತು. ಹೊಲಿಗೆ ಬಿಟ್ಟಳು. ಬಂದೂಕಿನವರು ಮತ್ತೆರಡು ಸಲ ಓಣಿಗೆ ಬಂದು ಹೋದರು, ನಮ್ಮ ಮನೆಯ ಕಡೆ ತಿರುಗಲಿಲ್ಲ. ಆಯಿಯ ಅಂಜಿಕೆ ಮಾತ್ರ ಬೇರೆಯದೇ ಆಗಿತ್ತು. ನಾನು ಗಂಜಿ ಒಯ್ದಾಗಲೆಲ್ಲ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಳ್ಳುತ್ತಿದ್ದಳು.

"ಖರೇ ಹೇಳು ನನ್ನವ್ವ. ಕಡ್ಡಿ ಯಾವಾಗ ಬಿಟ್ಟಿ? ಹೊಲಿಗಿ ಮುಗದ ಮ್ಯಾಲ ಹೌದಲ್ಲ? ನಡಕ ಬಿಟ್ಟಿದ್ರ ನಿಮ್ಮಪ್ಪಗ..." ಅಲ್ಲಿಗೆ ನಿಲ್ಲಿಸುತ್ತಿದ್ದಳು.

"ಮುಗದ ಮ್ಯಾಲ, ಆಯಿ."

"ದೇವರಾಣಿ?"

"ದೇವರಾಣಿ."

ಎಂಟು ದಿನಕ್ಕೊಮ್ಮೆಯಾದರೂ ಕೇಳುವಳು, ನಾನು ಆಣೆ ಹಾಕಿ ಅದೇ ಸುಳ್ಳು ಹೇಳುವೆ. ಹೇಳಿ ಬಂದ ರಾತ್ರಿ ನನಗೆ ನಿದ್ದೆಯಿಲ್ಲ. ನಾನು ನಕ್ಕ ತಪ್ಪಿಗೆ ಅಪ್ಪ ಎಲ್ಲೋ ಬಿದ್ದಿದ್ದಾನೆಂದೇ ನಾನೂ ನಂಬಿದ್ದೆ. ಆ ಮಳೆಗಾಲವೆಲ್ಲ ಆಕೆ ಗೋಡೆಯ ಆ ಕಡೆ, ನಾನು ಈ ಕಡೆ, ಒಂದೇ ಅಂಜಿಕೆಯಲ್ಲಿ ಮಲಗುತ್ತಿದ್ದೆವು. ಅವ್ವನಿಗೆ ನಾವಿಬ್ಬರೂ ಹೇಳಲಿಲ್ಲ.

ಶ್ರಾವಣದ ಕೊನೆಯಲ್ಲಿ ಆಯಿ ತೀರಿಹೋದಳು. ಹೋಗುವ ಹಿಂದಿನ ದಿನವೂ ಕೇಳಿದ್ದಳು. ನಾನೂ ಆಣೆ ಹಾಕಿದ್ದೆ. ಆಕೆ ನಂಬಿದಳೋ ಇಲ್ಲವೋ ತಿಳಿಯಲಿಲ್ಲ, ಕೈಯನ್ನಂತೂ ಬಿಡಲಿಲ್ಲ.

ಗಣಪತಿ ಹಬ್ಬ ಕಳೆದು ಕೆಲವು ದಿನಗಳಾಗಿದ್ದವು. ನಿಜಾಮರ ಆಳ್ವಿಕೆ ಮುಗಿಯಿತೆಂದು ಊರಿಗೆ ಊರೇ ಬೀದಿಗೆ ಬಂತು. ಅದಾಗಿ ನಾಲ್ಕನೆಯ ದಿನ, ಮಟಮಟ ಮಧ್ಯಾಹ್ನ, ಗಡ್ಡ ಬಿಟ್ಟ ಒಬ್ಬ ಮನುಷ್ಯ ನಮ್ಮ ಅಂಗಳದಲ್ಲಿ ನಿಂತು ನನ್ನ ಹೆಸರು ಕರೆದ. ಅಪ್ಪ. ಕುತ್ತಿಗೆಯ ಹತ್ತಿರ ಮಾಸಿದ ಗಾಯದ ಗೆರೆಯೊಂದು ಬಿಟ್ಟರೆ ಎಲ್ಲ ಸರಿಯಾಗಿದ್ದ. ಅವ್ವ ಬಾಗಿಲು ಹಿಡಿದು ನಿಂತುಬಿಟ್ಟಳು. ಅಪ್ಪ ನನ್ನನ್ನು ಎತ್ತಿಕೊಳ್ಳಲು ಬಗ್ಗಿದ.

ನಾನು ಅವನ ಕೈಗೆ ಸಿಗಲಿಲ್ಲ. ಅವನ ತೋಳಿನ ಕೆಳಗಿನಿಂದ ನುಸುಳಿ, ಹಿತ್ತಲ ಸಂದಿಯಿಂದ ಓಡಿದೆ. "ಆಯಿ, ಅಪ್ಪ ಬಂದ! ಏನೂ ಆಗಿಲ್ಲ ಆಯಿ, ಇನ್ನ ಅಂಜಬ್ಯಾಡ! ಕಡ್ಡಿ ನಾ ನಡಕ ಬಿಟ್ಟಿದ್ದೆ, ಆದ್ರೂ ಏನೂ ಆಗಿಲ್ಲ!" ಎಂದು ಕೂಗುತ್ತ, ಎರಡೂ ಕೈಯಿಂದ ಬಾಗಿಲು ಬಡಿದೆ.

ಬಡಿದು ಬಡಿದು ಕೈ ನೋಯತೊಡಗಿದ ಮೇಲೆ ಚಿಲಕಕ್ಕೆ ಹಾಕಿದ್ದ ಬೀಗ ಕಾಣಿಸಿತು.